ಟ್ರೌಟ್ ಹಿಡಿಯಲು ಬೆಳಗಿನ ಜಾವ ಏಳಬೇಕೇ?

ಪ್ರಶ್ನೆ: ಮಾರ್ಚ್ ಮೊದಲ ವಾರ ಹಿಮಾಚಲದ ತೀರ್ಥನ್ ಕಣಿವೆಗೆ ಹೊರಟಿದ್ದೇವೆ. ಟ್ರೌಟ್ ಮೀನಿಗೆ ಫ್ಲೈ (ಗರಿಯಿಂದ ಹುಳುವಿನಂತೆ ಕಟ್ಟಿದ ಗಾಳ) ಹಾಕಲು ಬೆಳಗಿನ ಜಾವ ಎಷ್ಟು ಗಂಟೆಗೆ ಹೊಳೆಗೆ ಹೋಗಬೇಕು? (ಶಿರಸಿಯ ಓದುಗರೊಬ್ಬರು)

ಹೋಗಲೇಬೇಡಿ. ತಿಂಡಿ ಮುಗಿಸಿ, ಇನ್ನೊಂದು ಚಾ ಕುಡಿದು, ಹತ್ತೂವರೆಯ ಮೇಲೆ ಹೊರಡಿ.

ಅಡಿಕೆ ಕೊಯ್ಲು ಮುಗಿಯಿತೆಂದರೆ, ಅದರಲ್ಲೂ ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷವಾದರೆ, ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಕೊಟ್ಟರೆ ಮಾತ್ರ ಯಾರೂ ಒಪ್ಪುವುದಿಲ್ಲ. "ಮೀನು ಕಚ್ಚೋದೇ ಬೆಳಗಿನ ಜಾವ ಅಲ್ವಾ ಮಾರಾಯ್ರೇ" ಅಂತ ನನಗೇ ಪಾಠ ಹೇಳುತ್ತಾರೆ. ಹೋಗಿ, ಕೈ ಮರಗಟ್ಟಿಸಿಕೊಂಡು ಬಂದು, ಆ ಹೊಳೆಯಲ್ಲಿ ಮೀನೇ ಇಲ್ಲ ಅನ್ನುತ್ತಾರೆ.

ಮೀನು ಇದೆ. ಅದಕ್ಕೆ ಹಸಿವಿಲ್ಲ, ಅಷ್ಟೇ. ಮೀನಿನ ಮೈಬಿಸಿ ನೀರಿನದ್ದೇ ಬಿಸಿ. ಮಾರ್ಚ್‌ನಲ್ಲಿ ರಾತ್ರಿಯೆಲ್ಲ ಹಿಮ ಕೊರೆದ ಮೇಲೆ ಬೆಳಗಿನ ಹೊತ್ತು ಇಂಥ ಹೊಳೆಯ ನೀರು ಮೂರು ನಾಲ್ಕು ಡಿಗ್ರಿಗೆ ಇಳಿದಿರುತ್ತದೆ. ಆ ಚಳಿಯಲ್ಲಿ ಟ್ರೌಟ್ ಆಳದ ಗುಂಡಿಯ ತಳಕ್ಕೆ ಅಂಟಿಕೊಂಡು ಸುಮ್ಮನಿರುತ್ತದೆ. ಹಿಂದೆ ತಿಂದದ್ದೇ ಅರಗಿರುವುದಿಲ್ಲ, ನಿಮ್ಮ ಗರಿಯ ಹುಳುವಿಗೆ ಅದೇಕೆ ಬಾಯಿ ಹಾಕುತ್ತದೆ? ಬಿಸಿಲು ಕಣಿವೆಯೊಳಗೆ ಇಳಿದು ನೀರು ಆರೇಳು ಡಿಗ್ರಿ ದಾಟಿದ ಮೇಲೆ ಅದು ಮಿಸುಕುತ್ತದೆ. ಅದು ತಿನ್ನುವ, ಕಲ್ಲಿನಡಿಯ ಮೇಫ್ಲೈ ಎಂಬ ಹುಳುವಿನ ಮರಿಗಳು ರೆಕ್ಕೆ ಬಿಚ್ಚಲು ಮೇಲೇಳುವುದೂ ಈ ಋತುವಿನಲ್ಲಿ ನಡುಹಗಲಿಗೇ.

ಇಷ್ಟು ಹೇಳಿದರೆ ಓದಿಕೊಂಡವರು ಆಮ್ಲಜನಕ ಎತ್ತುತ್ತಾರೆ: ತಣ್ಣೀರಿನಲ್ಲಿ ಆಮ್ಲಜನಕ ಜಾಸ್ತಿ, ಹಾಗಾಗಿ ಮೀನು ಚುರುಕು. ಮೊದಲರ್ಧ ನಿಜ. ಸಮುದ್ರಮಟ್ಟದ ಲೆಕ್ಕದಲ್ಲಿ 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 5 ಡಿಗ್ರಿಯದ್ದು ಸುಮಾರು 13 ಹಿಡಿಯುತ್ತದೆ. ಆದರೆ ಮಾರ್ಚ್‌ನಲ್ಲಿ ಟ್ರೌಟ್‌ಗೆ ಉಸಿರಿನ ಕೊರತೆ ಇತ್ತು ಅಂದವರು ಯಾರು? ಜೂನ್ ಬಿಸಿಲಿಗೆ ನೀರು ಕಾದಾಗ ಆ ಕೊರತೆ ಬರುತ್ತದೆ, ಆಗ ಬೆಳಗಿನ ಜಾವವೇ ಸರಿ. ಬೇಸಿಗೆಯ ಬುದ್ಧಿಮಾತನ್ನು ಯಾರೋ ವರ್ಷವಿಡೀ ಓಡಿಸುತ್ತಿದ್ದಾರೆ.

ನಸುಕಿನ ಮಬ್ಬಿನಲ್ಲಿ ಮೀನಿಗೆ ನಮ್ಮ ನೆರಳು ಕಾಣುವುದಿಲ್ಲ ಎಂಬ ವಾದವೂ ಇದೆ. ಒಪ್ಪಿದೆ. ತಿನ್ನಲು ಮನಸ್ಸಿಲ್ಲದ ಮೀನಿಗೆ ನೀವು ಕಂಡರೇನು, ಬಿಟ್ಟರೇನು?

ನಮ್ಮ ಕರಾವಳಿಯವರೇ ಈ ಮಾತಿಗೆ ಬೀಳುವುದು ನೋಡಿದರೆ ನಗು ಬರುತ್ತದೆ. ಕಾರವಾರದ ಕೋಡಿಬಾಗದಲ್ಲಿ ಶೆಟ್ಲಿ (ಸಿಗಡಿ) ಚುಚ್ಚಿ ಗಾಳ ಹಾಕುವವರು ಯಾವತ್ತು ಗಡಿಯಾರ ನೋಡಿದ್ದಾರೆ? ಅವರು ನೋಡುವುದು ಭರತಿಯನ್ನು. ಅದು ದಿನಕ್ಕೆ ಐವತ್ತು ನಿಮಿಷದಷ್ಟು ತಡವಾದರೆ ಇವರೂ ಅಷ್ಟೇ ತಡವಾಗಿ ಹೋಗುತ್ತಾರೆ. ಅಲ್ಲಿ ಭರತಿಗೆ ಕಾದಂತೆ ಇಲ್ಲಿ ನೀರಿನ ಬಿಸಿಗೆ ಕಾಯಬೇಕು.

ಹಾಗಂತ ಸಂಜೆಯವರೆಗೆ ಕೂರುವುದೂ ಬೇಡ. ಮಧ್ಯಾಹ್ನದ ಬಿಸಿಲಿಗೆ ಮೇಲೆ ಕರಗಿದ ಹಿಮ ಮೂರರ ಸುಮಾರಿಗೆ ಕೆಳಗಿಳಿದರೆ ಹೊಳೆ ಏರುತ್ತದೆ, ಬೂದುಬಣ್ಣಕ್ಕೆ ತಿರುಗುತ್ತದೆ, ಮತ್ತೆ ತಣ್ಣಗಾಗುತ್ತದೆ. ಹನ್ನೊಂದರಿಂದ ಮೂರು, ಅದೇ ನಿಮ್ಮ ಹೊತ್ತು. ಒಂದು ಥರ್ಮಾಮೀಟರಿಗೆ ದಾರ ಕಟ್ಟಿ, ನೆರಳಿರುವ ಕಡೆ ಎರಡು ನಿಮಿಷ ಮುಳುಗಿಸಿ ನೋಡಿ. ಭಾರ ಕಟ್ಟಿದ ನಿಂಫ್ (ನೀರಿನೊಳಗಿನ ಹುಳುಮರಿಯಂತೆ ಕಟ್ಟಿದ ಫ್ಲೈ) ತಳ ಸವರುತ್ತ, ನೀರಿನಷ್ಟೇ ನಿಧಾನಕ್ಕೆ ಸಾಗಲಿ. ಚಳಿ ಹಿಡಿದ ಟ್ರೌಟ್ ಎಳೆಯುವುದಿಲ್ಲ. ಹರಿಯುತ್ತಿದ್ದ ದಾರ ಒಂದು ಗಳಿಗೆ ನಿಂತಂತಾಗುತ್ತದೆ. ಕಲ್ಲಿಗೆ ಸಿಕ್ಕಿತೇನೋ ಅನ್ನಿಸುತ್ತದಲ್ಲ, ಆಗಲೇ ಕೋಲು ಎತ್ತಿ. ಮೀನುಗಾರಿಕೆ ಇಲಾಖೆಯ ಪರವಾನಗಿ ಮೊದಲೇ ಮಾಡಿಸಿಕೊಳ್ಳಿ.

ಇಷ್ಟೆಲ್ಲ ಕೇಳುವವರು ನೀರಿನಲ್ಲಿ ಎಲ್ಲಿ ಕಾಲಿಡಬೇಕು ಅಂತ ಮಾತ್ರ ಕೇಳುವುದಿಲ್ಲ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಬೋಟು ನಿಲ್ಲಿಸುವುದು ಮೀನಿನ ಸಂತಾನದ ಸಲುವಾಗಿ ತಾನೇ? ಹಿಮಾಚಲದಲ್ಲಿ ಟ್ರೌಟ್‌ಗೆ ಆ ನಿಷೇಧ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ. ಬ್ರೌನ್ ಟ್ರೌಟ್ ಚಳಿಗಾಲದಲ್ಲಿ ಹರಳುಕಲ್ಲು ಕೆದರಿ ಮೊಟ್ಟೆಯಿಟ್ಟು ಮುಚ್ಚುತ್ತದೆ. 5 ಡಿಗ್ರಿ ನೀರಿನಲ್ಲಿ ಮೊಟ್ಟೆ ಒಡೆಯಲು ಸುಮಾರು ಮೂರು ತಿಂಗಳು ಬೇಕು, ಒಡೆದ ಮೇಲೂ ಮರಿ ಕೆಲವು ವಾರ ಹರಳಿನೊಳಗೇ ಇರುತ್ತದೆ. ಅಂದರೆ ನಿಷೇಧ ಮುಗಿದು ನೀವು ಹೋಗುವ ಹೊತ್ತಿಗೆ ಅವು ಇನ್ನೂ ಅಲ್ಲೇ. ಪಾಚಿಯಿಲ್ಲದೆ ಸುತ್ತಲಿಗಿಂತ ಬೆಳ್ಳಗೆ ಕಾಣುವ ಹರಳಿನ ದಿಬ್ಬ ಕಂಡರೆ ತುಳಿಯಬೇಡಿ. ಶಿರಸಿಯ ಹಳ್ಳ ದಾಟುವ ಹಾಗೆ ಪ್ಯಾಂಟ್ ಮಡಚಿ ಸೀದಾ ನಡೆದುಬಿಡುವುದಲ್ಲ. ದೊಡ್ಡ ಬಂಡೆಗಳ ಮೇಲೆ ಹಾರಿ ಹೋಗಿ, ಆಗದಿದ್ದರೆ ಕಾಲುಸೇತುವೆ ಸಿಗುವವರೆಗೆ ದಂಡೆ ಹಿಡಿದು ನಡೆಯಿರಿ.