ನೆಲದ ಅಲೆ ಅಂಕಿಯಾಗುವುದು ಎಲ್ಲಿ?

1960ರ ದಶಕದಲ್ಲಿ ಭೂಕಂಪನ ದಾಖಲಿಸುವ ಕೇಂದ್ರಕ್ಕೆ ಕತ್ತಲೆಕೋಣೆ ಬೇಕೇ ಬೇಕಿತ್ತು. ಅಣುಪರೀಕ್ಷೆಗಳನ್ನು ದೂರದಿಂದಲೇ ಪತ್ತೆಹಚ್ಚುವ ತುರ್ತಿನಲ್ಲಿ ಅಮೆರಿಕ ಜಗತ್ತಿನ ಸುಮಾರು 120 ಕಡೆ ಒಂದೇ ಮಾದರಿಯ ಉಪಕರಣಗಳನ್ನು ಕೂರಿಸಿತ್ತು. ಸೆನ್ಸರ್‌ನ ಸುರುಳಿಯಲ್ಲಿ ಹುಟ್ಟಿದ ಕರೆಂಟು ಗ್ಯಾಲ್ವನೋಮೀಟರ್‌ನ ಕನ್ನಡಿ ತಿರುಗಿಸುತ್ತಿತ್ತು; ಕನ್ನಡಿಯಿಂದ ಬಿದ್ದ ಬೆಳಕಿನ ಚುಕ್ಕೆ, ಸುತ್ತುವ ಡ್ರಮ್‌ಗೆ ಸುತ್ತಿದ ಫೋಟೋ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ದಿನವೂ ಕಾಗದ ಬದಲಿಸಿ, ತೊಳೆದು, ಒಣಗಿಸಬೇಕು. ಅಲೆ ಅಂಕಿಯಾಗುತ್ತಿದ್ದುದು ಆಮೇಲೆ, ಸ್ಕೇಲು ಹಿಡಿದ ಮನುಷ್ಯನ ಕಣ್ಣಲ್ಲಿ. ವೇಗದ ಡ್ರಮ್ ನಿಮಿಷಕ್ಕೆ 60 ಮಿ.ಮೀ. ಓಡಿದರೂ ಒಂದು ಸೆಕೆಂಡಿಗೆ ಸಿಗುತ್ತಿದ್ದುದು ಬರೀ 1 ಮಿ.ಮೀ. ಇನ್ನು ದೊಡ್ಡ ಕಂಪನ ಬಂದರೆ ಚುಕ್ಕೆ ಅತ್ತಿಂದಿತ್ತ ಎಷ್ಟು ಜೋರಾಗಿ ಹಾರುತ್ತಿತ್ತೆಂದರೆ ಕಾಗದದಲ್ಲಿ ಗುರುತೇ ಸರಿಯಾಗಿ ಮೂಡುತ್ತಿರಲಿಲ್ಲ.

ಜನರಿಲ್ಲದ ಬೆಟ್ಟದ ಮೇಲೆ ಇದು ನಡೆಯುವ ಮಾತಲ್ಲ. ಅಲ್ಲಿ ಸೆನ್ಸರ್ ಮಾತ್ರ ಇಟ್ಟು, ಅದರ ಸಿಗ್ನಲ್‌ನಿಂದ ಒಂದು ಶಬ್ದತರಂಗದ ಆವರ್ತನವನ್ನು ಏರಿಳಿಸಿ, ರೇಡಿಯೋ ಅಥವಾ ಟೆಲಿಫೋನ್ ತಂತಿಯಲ್ಲಿ ಕಚೇರಿಗೆ ಕಳಿಸುವ ಪದ್ಧತಿ ಬಂತು. ಒಂದೇ ತಂತಿಯಲ್ಲಿ ಬೇರೆ ಬೇರೆ ಸ್ವರಗಳಾಗಿ ಹಲವು ಕೇಂದ್ರಗಳು ಕೂತವು. ಅಂಕಿ ಮಾಡುವ ಯಂತ್ರ ಇದ್ದದ್ದು ಕಚೇರಿಯಲ್ಲಿ. ದಾರಿಯ ಗದ್ದಲವೆಲ್ಲ ಸಿಗ್ನಲ್‌ನೊಳಗೆ ಬೆರೆತೇ ಬರುತ್ತಿದ್ದರಿಂದ ವ್ಯಾಪ್ತಿ 40-50 ಡೆಸಿಬೆಲ್ ದಾಟುತ್ತಿರಲಿಲ್ಲ. ಅತಿ ಸಣ್ಣದಕ್ಕೂ ಅತಿ ದೊಡ್ಡದಕ್ಕೂ ನೂರರಿಂದ ಮುನ್ನೂರು ಪಟ್ಟು ಅಂತರ, ಅಷ್ಟೇ. ಹತ್ತಿರದ ಸಾಧಾರಣ ಕಂಪನಕ್ಕೂ ಅಲೆಯ ತಲೆ ಕತ್ತರಿಸಿಹೋಗುತ್ತಿತ್ತು. ಎತ್ತರ ನಂಬುವಂತಿಲ್ಲವೆಂದೇ ಕಂಪನ ಎಷ್ಟು ಹೊತ್ತು ನಡೆಯಿತು ಎಂಬುದರಿಂದ ತೀವ್ರತೆ ಲೆಕ್ಕಹಾಕುವುದು ರೂಢಿಗೆ ಬಂತು. ಜಾಣ ಉಪಾಯವೇ, ಆದರೆ ಉಪಕರಣದ ಬಡತನಕ್ಕೆ ಹಚ್ಚಿದ ತೇಪೆ.

1980ರ ದಶಕದಲ್ಲಿ ಎರಡು ಕೆಲಸ ಒಟ್ಟಿಗೆ ಆದವು. ನಿಮಿಷಗಟ್ಟಲೆ ನಿಧಾನದ ಅಲೆಯನ್ನೂ ಸೆಕೆಂಡಿಗೆ ಹಲವು ಸಲದ ನಡುಕವನ್ನೂ ಒಟ್ಟಿಗೆ ಹಿಡಿಯುವ ಬ್ರಾಡ್‌ಬ್ಯಾಂಡ್ ಸೆನ್ಸರ್ ಬಂತು, ಅದಕ್ಕೆ ತಕ್ಕ 24 ಬಿಟ್ ಡಿಜಿಟೈಸರ್, ಅಂದರೆ ಅಂಕಿ ಮಾಡುವ ಯಂತ್ರ, ಬಂತು. ±20 ವೋಲ್ಟನ್ನು 1,67,77,216 ಮೆಟ್ಟಿಲಾಗಿ ಹಂಚಿದರೆ ಒಂದು ಮೆಟ್ಟಿಲಿಗೆ, ಅಂದರೆ ಒಂದು ಕೌಂಟಿಗೆ, 2.38 ಮೈಕ್ರೋವೋಲ್ಟ್. ಸೆಕೆಂಡಿಗೆ 1 ಮೀಟರ್ ವೇಗಕ್ಕೆ 1500 ವೋಲ್ಟ್ ಕೊಡುವ ಸೆನ್ಸರ್ ಜೋಡಿಸಿದರೆ ಒಂದು ಕೌಂಟ್ ಎಂದರೆ ಸೆಕೆಂಡಿಗೆ 1.6 ನ್ಯಾನೋಮೀಟರ್; ತಲೆ ಕತ್ತರಿಸುವುದು ಸೆಕೆಂಡಿಗೆ 13 ಮಿ.ಮೀ. ಆಸುಪಾಸಿನಲ್ಲಿ. ಕೊನೆಯ ಕೆಲವು ಬಿಟ್‌ಗಳು ಡಿಜಿಟೈಸರ್‌ನ ಸ್ವಂತ ಗದ್ದಲ ಎಂಬುದನ್ನು ಮರೆಯಬಾರದು.

ಈಗ ಅಂಕಿ ಹುಟ್ಟುವುದು ಸೆನ್ಸರ್‌ನಿಂದ ಕೆಲವೇ ಮೀಟರ್ ದೂರದಲ್ಲಿ. ಮೂರು ಚಾನೆಲ್, ಸೆಕೆಂಡಿಗೆ 100 ಸ್ಯಾಂಪಲ್ (ಅಳತೆ), ತಲಾ 4 ಬೈಟ್ ಎಂದರೆ ದಿನಕ್ಕೆ ಸುಮಾರು 104 ಎಂಬಿ. ಇದನ್ನು ಇಳಿಸುವ ಸ್ಟೈಮ್ ಸಂಕುಚನದ ಉಪಾಯ ಸರಳ: 100012, 100015, 100011 ಎಂಬ ಸಾಲಿನಲ್ಲಿ ಮೊದಲನೆಯದರ ಬೆನ್ನಿಗೆ +3, −4 ಎಂಬ ವ್ಯತ್ಯಾಸ ಬರೆದರೆ ಸಾಕು. ಹೀಗೆ ಕಟ್ಟಿದ ಡೇಟಾ ತುಣುಕಿನ, ಅಂದರೆ ಪ್ಯಾಕೆಟ್‌ನ, ಕೊನೆಯ ಮೌಲ್ಯವನ್ನೂ ಬರೆದಿಟ್ಟಿರುತ್ತಾರೆ. ಕೂಡುತ್ತ ಹೋದಾಗ ಅದು ತಾಳೆಯಾಗದಿದ್ದರೆ ಆ ಪ್ಯಾಕೆಟ್ ಕೆಟ್ಟಿದೆ ಎಂದರ್ಥ. ಇದರಲ್ಲೊಂದು ಕೊಕ್ಕೆಯಿದೆ. ದೊಡ್ಡ ಕಂಪನದಲ್ಲಿ ವ್ಯತ್ಯಾಸಗಳೂ ದೊಡ್ಡವಾಗಿ ಪ್ಯಾಕೆಟ್‌ಗಳು ಬೇಗ ಬೇಗ ತುಂಬುತ್ತವೆ; ಡೇಟಾ ತುರ್ತಾಗಿ ಬೇಕಾದ ಗಳಿಗೆಯಲ್ಲೇ ಲಿಂಕ್ ಹಿಂದೆ ಬೀಳುತ್ತದೆ. ಶಾಂತ ದಿನದ ಲೆಕ್ಕ ನೋಡಿ ಲಿಂಕ್ ಆರಿಸುವುದು ದಡ್ಡತನ.

ಡಿಜಿಟೈಸರ್ ಬೆಟ್ಟ ಹತ್ತಿದ ಮೇಲೆ ತಾಪತ್ರಯಗಳೂ ಅದರ ಹಿಂದೆಯೇ ಹತ್ತಿದವು. ಸೆನ್ಸರ್, ಡಿಜಿಟೈಸರ್, ಮೋಡೆಮ್ ಸೇರಿ 5 ವ್ಯಾಟ್ ಎಂದಿಟ್ಟುಕೊಳ್ಳಿ: 12 ವೋಲ್ಟ್‌ನಲ್ಲಿ ದಿನಕ್ಕೆ 10 ಆಂಪಿಯರ್-ಅವರ್. ಬಿಸಿಲಿಲ್ಲದ 10 ದಿನ ತಾಳಬೇಕು, ಲೆಡ್-ಆ್ಯಸಿಡ್ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿಯಬಾರದು ಎಂದರೆ 200 ಆಂಪಿಯರ್-ಅವರ್ ಬೇಕು. ವೋಲ್ಟೇಜ್ ಇಳಿದಾಗ ಲೋಡ್ ಕಡಿಯುವ ರಿಲೇಯನ್ನು 11.5ಕ್ಕೆ ಕಡಿದು 12.5ಕ್ಕೆ ಸೇರಿಸುವಂತೆ ಅಂತರವಿಟ್ಟು ಹೊಂದಿಸಬೇಕು. ಎರಡಕ್ಕೂ ಒಂದೇ ಅಂಕಿ ಕೊಟ್ಟರೆ, ಲೋಡ್ ತೆಗೆದ ಕೂಡಲೇ ವೋಲ್ಟೇಜ್ ಏರಿ, ಮತ್ತೆ ಸೇರಿ, ಮತ್ತೆ ಕುಸಿದು ರಾತ್ರಿಯಿಡೀ ಹತ್ತಿ ಆರುತ್ತಿರುತ್ತದೆ. ಪ್ರತಿ ಸಲವೂ ಮೆಮೊರಿ ಕಾರ್ಡ್‌ನಲ್ಲೊಂದು ಅರೆಬರೆ ಫೈಲ್.

ಇದಕ್ಕಿಂತ ಕೆಟ್ಟದ್ದು ಸಮಯದ ತಪ್ಪು. ಕರೆಂಟು ಹೋದರೆ ಡೇಟಾದಲ್ಲಿ ಖಾಲಿ ಜಾಗ ಕಾಣುತ್ತದೆ. ಸಮಯ ತಪ್ಪಿದರೆ ಡೇಟಾ ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ಸರಿಯಾದ ಸಮಯ ತರುವ ಜಿಪಿಎಸ್ ಆಂಟೆನಾದ ಕೇಬಲನ್ನು ಇಲಿ ಕಡಿದರೆ ಒಳಗಿನ ಗಡಿಯಾರ ತಾನೇ ಓಡಬೇಕು. ಹತ್ತು ಲಕ್ಷಕ್ಕೆ 1ರಷ್ಟು ತಪ್ಪಿದರೂ ದಿನಕ್ಕೆ 86 ಮಿಲಿಸೆಕೆಂಡ್. ಸೆಕೆಂಡಿಗೆ 6 ಕಿ.ಮೀ. ಸಾಗುವ, ಮೊದಲು ಬಂದು ಮುಟ್ಟುವ ಪಿ ಅಲೆಯ ಲೆಕ್ಕದಲ್ಲಿ ಅದು ಅರ್ಧ ಕಿಲೋಮೀಟರ್. ಹಾಗಾಗಿ ಅಲೆಯ ಜೊತೆಗೇ ಗಡಿಯಾರದ ಗುಣಮಟ್ಟದ ದಾಖಲೆಯನ್ನೂ ಉಳಿಸಿಕೊಳ್ಳಬೇಕು.

ಜಿಪಿಎಸ್ ಸಿಕ್ಕರೂ ನೆಮ್ಮದಿಯಿಲ್ಲ. ಅದರ ಹಳೆಯ ಸಂಕೇತದಲ್ಲಿ ವಾರದ ಎಣಿಕೆಗೆ 10 ಬಿಟ್. 1024 ವಾರಕ್ಕೊಮ್ಮೆ ಮತ್ತೆ ಸೊನ್ನೆ. 2019ರ ಏಪ್ರಿಲ್ 7ಕ್ಕೆ ಎಣಿಕೆ ತಿರುಗಿದಾಗ, ಅದಕ್ಕೆ ಸಿದ್ಧವಿಲ್ಲದ ರಿಸೀವರ್‌ಗೆ ಆ ದಿನ 1999ರ ಆಗಸ್ಟ್ 22. ರಿಸೀವರ್‌ನೊಳಗಿನ ತಂತ್ರಾಂಶ (ಫರ್ಮ್‌ವೇರ್) ತನ್ನದೇ ಆಧಾರ ದಿನಾಂಕದಿಂದ ಎಣಿಸಿದರೆ ಈ ಎಡವಟ್ಟು ಬೇರೆ ಯಾವುದೋ ದಿನ ಎದುರಾಗುತ್ತದೆ. ಹೊಸ ಡೇಟಾ ಇಪ್ಪತ್ತು ವರ್ಷ ಹಿಂದಿನ ಫೋಲ್ಡರ್‌ಗೆ ಹೋಗಿ ಕೂರುವುದರಿಂದ ಕೇಂದ್ರ ಸತ್ತಿದೆಯೆಂದೇ ಕಾಣುತ್ತದೆ. ಬೆಟ್ಟ ಹತ್ತುವ ಮೊದಲು ಆ ಫೋಲ್ಡರ್ ನೋಡಿ. ಫೈಲ್ ಅಲ್ಲಿದ್ದರೆ ಸ್ಯಾಂಪಲ್‌ಗಳನ್ನು ಮುಟ್ಟಬೇಕಿಲ್ಲ, ಫೈಲ್‌ನ ತಲೆಬರಹದ (ಹೆಡರ್) ದಿನಾಂಕಕ್ಕೆ 7168 ದಿನ ಕೂಡಿಸಿದರಾಯಿತು.