ರಾಥ್ಕೊನ ಕೆಂಪು ನೀಲಿಗೆ ತಿರುಗಿದ್ದು ಹೇಗೆ?

ಅಮೆರಿಕದ ಚಿತ್ರಕಾರ ಮಾರ್ಕ್ ರಾಥ್ಕೊನ ಚಿತ್ರವನ್ನು ಫೋನಿನಲ್ಲಿ ನೋಡಿದವರು ‘ಎರಡು ಚೌಕ ಬಳಿದಿದ್ದಾನೆ, ಇದರಲ್ಲೇನಿದೆ’ ಎಂದರೆ ತಪ್ಪೇನೂ ಇಲ್ಲ. ಫೋಟೊದಲ್ಲಿ ಸಿಗುವುದು ಬಣ್ಣ ಮಾತ್ರ, ಪದರಗಳು ಸಿಗುವುದಿಲ್ಲ. ಅವನ ಕೌಶಲವೆಲ್ಲ ಇರುವುದು ಪದರಗಳಲ್ಲಿ. ಚಿತ್ರ ಸಂರಕ್ಷಣೆ ಮಾಡುವ ನಮ್ಮಂಥವರಿಗೆ ತಲೆನೋವು ತರುವುದೂ ಅವೇ.

ಹುಟ್ಟಿದ್ದು 1903ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ, ಈಗ ಲಾಟ್ವಿಯಾಕ್ಕೆ ಸೇರಿರುವ ದ್ವಿನ್ಸ್ಕ್‌ನಲ್ಲಿ. ಯಹೂದಿ ಕುಟುಂಬ. 1913ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ಗೆ ಬಂದ, ಮರುವರ್ಷವೇ ತಂದೆ ತೀರಿಕೊಂಡರು. ಯೇಲ್ ವಿಶ್ವವಿದ್ಯಾಲಯವನ್ನು ಅರ್ಧಕ್ಕೇ ಬಿಟ್ಟು ನ್ಯೂಯಾರ್ಕ್ ಸೇರಿದ. 1929ರಿಂದ 1952ರವರೆಗೆ ಬ್ರೂಕ್ಲಿನ್ನಿನಲ್ಲಿ ಮಕ್ಕಳಿಗೆ ಚಿತ್ರಕಲೆ ಹೇಳಿಕೊಟ್ಟ. ಇವತ್ತು ಎಲ್ಲರೂ ಗುರುತಿಸುವ ಆ ತೇಲುವ ಆಯತಗಳು ಕೈಗೆ ಹತ್ತುವ ಹೊತ್ತಿಗೆ 1949–50 ಆಗಿತ್ತು, ವಯಸ್ಸು 46.

ಅವನ ವಿಧಾನ ಹೀಗೆ. ಬಣ್ಣಕ್ಕೆ ಮೊದಲು ಕ್ಯಾನ್ವಾಸಿಗೆ ಬಳಿಯುವ ಮಾಮೂಲಿ ಬಿಳಿ ಪ್ರೈಮರ್ ಬದಲು, ಪ್ರಾಣಿಚರ್ಮದ ಸರೇಸನ್ನು ಬಿಸಿನೀರಿನಲ್ಲಿ ಕರಗಿಸಿ, ಅದಕ್ಕೇ ಬಣ್ಣದ ಪುಡಿ ಬೆರೆಸಿ ಕ್ಯಾನ್ವಾಸಿಗೆ ಹಚ್ಚುತ್ತಿದ್ದ. ಅದರ ಮೇಲೆ ಟರ್ಪೆಂಟೈನ್ ಸುರಿದು ನೀರಿನಷ್ಟು ತೆಳ್ಳಗೆ ಮಾಡಿದ ಎಣ್ಣೆಬಣ್ಣ. ಒಂದು ಪದರಕ್ಕೆ ಮೊಟ್ಟೆ, ಇನ್ನೊಂದಕ್ಕೆ ಮರದಿಂದ ಸಿಗುವ ಡಮಾರ್ ರಾಳ. ಹೀಗಾಗಿ ಒಂದೇ ಕೆಂಪು ಒಂದು ಕಡೆ ಮಿರುಗುತ್ತದೆ, ಪಕ್ಕದಲ್ಲೇ ಮಂಕಾಗಿರುತ್ತದೆ. ಬೆಳಕು ತೆಳು ಪದರಗಳನ್ನು ದಾಟಿ ಕೆಳಗಿನ ಬಣ್ಣಕ್ಕೆ ತಾಗಿ ಹಿಂದಿರುಗುವುದರಿಂದ ಚಿತ್ರ ಒಳಗಿನಿಂದ ಹೊತ್ತಿದಂತಿರುತ್ತದೆ. ಆದರೆ ಇಷ್ಟು ತೆಳುವಾದ ಬಣ್ಣದಲ್ಲಿ ಪುಡಿಯನ್ನು ಹಿಡಿದಿಡುವ ಅಂಟು ತೀರಾ ಕಡಿಮೆ. ಬೆರಳು ತಾಗಿದರೂ ಗುರುತು ಉಳಿಯುತ್ತದೆ. ರಕ್ಷಣೆಗೆಂದು ವಾರ್ನಿಷ್ ಬಳಿದರೆ ಮಿರುಗು-ಮಂಕಿನ ವ್ಯತ್ಯಾಸವೇ ಅಳಿಸಿಹೋಗಿ ಚಿತ್ರ ಸತ್ತಂತೆ.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಅವನ ಚಿತ್ರಗಳಲ್ಲಿ ಕೆಟ್ಟದ್ದು ಪದರವಲ್ಲ, ಬಣ್ಣದ ಪುಡಿ. ಅಲ್ಲಿನ ಹೋಲಿಯೋಕ್ ಸೆಂಟರ್‌ನ ಮೇಲ್ಮಹಡಿಯ ಊಟದ ಕೋಣೆಗೆ ಬರೆದುಕೊಟ್ಟ ಐದು ದೊಡ್ಡ ಚಿತ್ರಗಳು 1964ರಲ್ಲಿ ಗೋಡೆಗೇರಿದವು. ಕಡುಗೆಂಪು ಹಿನ್ನೆಲೆಗೆ ಆತ ಬೆರೆಸಿದ್ದು ಲಿಥಾಲ್ ರೆಡ್ ಮತ್ತು ಅಲ್ಟ್ರಾಮರೀನ್ ನೀಲಿ. ಲಿಥಾಲ್ ರೆಡ್ ಅಗ್ಗದ ಬಣ್ಣ, ಮುದ್ರಣದ ಶಾಯಿಗೆ ಬಳಸುವಂಥದ್ದು. ಬಿಸಿಲು ತಡೆಯುವ ಗುಣ ಅದಕ್ಕಿಲ್ಲ. ಅಲ್ಟ್ರಾಮರೀನ್ ಮಾತ್ರ ಬೆಳಕಿಗೆ ಜಗ್ಗುವುದಿಲ್ಲ. ಕೋಣೆಗೆ ದೊಡ್ಡ ಕಿಟಕಿಗಳು. ಪರದೆ ಮುಚ್ಚಿರಬೇಕೆಂದು ಎಷ್ಟು ಹೇಳಿದ್ದರೂ ಊಟಕ್ಕೆ ಬಂದವರಿಗೆ ಹೊರಗಿನ ನೋಟ ಬೇಕು. ಕೆಂಪು ಹಾರಿಹೋಯಿತು, ಜೊತೆಗಿದ್ದ ನೀಲಿ ಉಳಿಯಿತು. ಬಿಸಿಲು ಹೆಚ್ಚು ಬಿದ್ದ ಕಡೆ ಚಿತ್ರ ತಿಳಿನೀಲಿಗೆ ಇಳಿಯಿತು. 1979ರಲ್ಲಿ ಎಲ್ಲವನ್ನೂ ಇಳಿಸಿ ಕತ್ತಲ ಗೋದಾಮಿಗೆ ಸೇರಿಸಿದರು.

ಮೇಲೆ ಹೊಸ ಬಣ್ಣ ಹಚ್ಚಿ ಸರಿಪಡಿಸಬಹುದಿತ್ತಲ್ಲ? ಆಗದು. ವಾರ್ನಿಷ್ ಇಲ್ಲದ, ತುಂಬ ರಂಧ್ರಗಳಿರುವ ಮೇಲ್ಮೈಗೆ ಹೊಸ ಬಣ್ಣ ಇಳಿದರೆ ಮತ್ತೆ ತೆಗೆಯಲಾಗದು. ಹಿಂತೆಗೆಯಲಾಗದ ಕೆಲಸ ನಮ್ಮ ವೃತ್ತಿಯಲ್ಲಿ ನಿಷಿದ್ಧ. ಹಾಗಾಗಿ 2014ರಲ್ಲಿ ಹಾರ್ವರ್ಡ್ ಬೆಳಕಿನಿಂದಲೇ ಬಣ್ಣ ತುಂಬಿತು. 1964ರಲ್ಲಿ ಎಕ್ಟಾಕ್ರೋಮ್ ಎಂಬ ಬಣ್ಣದ ಫಿಲ್ಮಿನಲ್ಲಿ ತೆಗೆದ ಫೋಟೊಗಳಿದ್ದವು, ಅವೂ ಮಾಸಿದ್ದವು. ಮೊದಲು ಅವನ್ನು ಕಂಪ್ಯೂಟರಿನಲ್ಲಿ ಸರಿಪಡಿಸಿದರು. ಗೋಡೆಗೇರದೆ ಉಳಿದಿದ್ದ ಆರನೆಯ ಚಿತ್ರ ಬಿಸಿಲು ಕಂಡಿರಲಿಲ್ಲವಾದ್ದರಿಂದ ಹೋಲಿಕೆಗೆ ಸಿಕ್ಕಿತು. ಮೂಲದಲ್ಲಿ ಬಣ್ಣ ಎಷ್ಟಿತ್ತು, ಈಗ ಎಷ್ಟಿದೆ ಎಂದು ಪಿಕ್ಸೆಲ್ ಪಿಕ್ಸೆಲ್ ಲೆಕ್ಕ ಹಾಕಿ, ಕೊರತೆಯಷ್ಟನ್ನೇ ಪ್ರೊಜೆಕ್ಟರಿನಿಂದ ಚಿತ್ರದ ಮೇಲೆ ಬಿಟ್ಟರು. ಇದು ಮೋಸವೆಂದು ಗೊಣಗಿದವರಿದ್ದರು. ನನಗೆ ಹಾಗನ್ನಿಸದು. ಸ್ವಿಚ್ ಆರಿಸಿದರೆ ಚಿತ್ರ ಇದ್ದಹಾಗೇ ಇರುತ್ತದೆ.

ಇಂದು ಬಣ್ಣ ಕೊಳ್ಳುವವರು ಟ್ಯೂಬಿನ ಬೆನ್ನು ಓದಿ. ಲಿಥಾಲ್ ರೆಡ್‌ನ ಸಂಕೇತ ಪಿ.ಆರ್. 49 (PR 49). ಹೆಸರು ಏನೇ ಇರಲಿ, ಈ ಸಂಖ್ಯೆ ಕಂಡರೆ ಬಿಟ್ಟುಬಿಡಿ. ಅನುಮಾನವಿದ್ದರೆ ಕಾಗದಕ್ಕೆ ಬಣ್ಣದ ಪಟ್ಟಿ ಎಳೆದು, ಅರ್ಧಕ್ಕೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ಕೆಲವು ತಿಂಗಳಲ್ಲಿ ಗುಟ್ಟು ಬಯಲಾಗುತ್ತದೆ.

ಅಂಟಿನ ತೊಂದರೆ ನೋಡಬೇಕಾದರೆ ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯಕ್ಕೆ ಬರಬೇಕು. ನ್ಯೂಯಾರ್ಕಿನ ಸೀಗ್ರಂ ಕಟ್ಟಡದ ಫೋರ್ ಸೀಸನ್ಸ್ ರೆಸ್ಟೊರಾಂಟಿಗಾಗಿ 1958ರಲ್ಲಿ ಒಪ್ಪಿಕೊಂಡ ಸರಣಿಯನ್ನು ರಾಥ್ಕೊ ಕೊನೆಗೆ ಕೊಡದೆ, ಹಣ ಹಿಂದಿರುಗಿಸಿದ. ಅದರಲ್ಲಿ ಒಂಬತ್ತು ಚಿತ್ರಗಳು ಟೇಟ್‌ಗೆ ಬಂದವು. 1970ರ ಫೆಬ್ರುವರಿ 25ರಂದು ಅವು ಲಂಡನ್ ತಲುಪಿದವು. ಅದೇ ದಿನ ಆತ ನ್ಯೂಯಾರ್ಕಿನಲ್ಲಿ ಆತ್ಮಹತ್ಯೆ ಮಾಡಿಕೊಂಡ. 2012ರ ಅಕ್ಟೋಬರಿನಲ್ಲಿ ಅವುಗಳಲ್ಲೊಂದರ ಮೂಲೆಗೆ ಯಾರೋ ಶಾಯಿಯಿಂದ ಗೀಚಿದರು. ಶಾಯಿ ಕ್ಷಣದಲ್ಲಿ ಪದರಗಳೊಳಕ್ಕೆ ಇಳಿಯಿತು. ಶಾಯಿ ಕರಗಿಸುವ ದ್ರಾವಕ ಡಮಾರನ್ನೂ ಕರಗಿಸುತ್ತದೆ, ಪೇಚಿಗೆ ಕಾರಣವೇ ಅದು. ಅದೇ ಸಾಮಗ್ರಿಗಳಿಂದ ಮಾದರಿ ಮಾಡಿ, ಅದರ ಮೇಲೆ ದ್ರಾವಕಗಳನ್ನು ಪರೀಕ್ಷಿಸಿ, ಕೊನೆಗೆ ಬೆಂಜೈಲ್ ಆಲ್ಕೊಹಾಲ್ ಮತ್ತು ಈಥೈಲ್ ಲ್ಯಾಕ್ಟೇಟ್‌ನ ಮಿಶ್ರಣ ಆರಿಸಿದರು. ಪರೀಕ್ಷೆ, ಶುಚಿ ಎರಡೂ ಸೇರಿ ಹದಿನೆಂಟು ತಿಂಗಳು ಹಿಡಿಯಿತು.

ಅಲ್ಲಿಗೆ ಹೋದವರು ಎದುರು ನಿಂತು ನೋಡಿದ ಮೇಲೆ ಒಂದು ಪಕ್ಕಕ್ಕೂ ಸರಿಯಿರಿ. ಓರೆಯಿಂದ ನೋಡಿದಾಗ ಒಂದೇ ಬಣ್ಣ ಅಂದುಕೊಂಡದ್ದು ಮಿರುಗಾಗಿ, ಮಂಕಾಗಿ ಬೇರೆಯಾಗುತ್ತದೆ. ಎಲ್ಲಿ ಮೊಟ್ಟೆ-ರಾಳ ಹೆಚ್ಚು, ಎಲ್ಲಿ ಬರಿಯ ಪುಡಿ ಎಂಬುದರ ಅಂದಾಜೂ ಸಿಗುತ್ತದೆ.