ಮಂಡ್ಯ: ಹೊರಗೆ ಹೋಗಲು ಬಸ್ಸುಂಟು, ಊರೊಳಗೆ?

ಹೋದ ತಿಂಗಳು ಅವ್ವನನ್ನು ಕರೆದುಕೊಂಡು ಬೆಂಗಳೂರಿನಿಂದ ಮಂಡ್ಯಕ್ಕೆ ಬಂದಿಳಿದಾಗ ರಾತ್ರಿ ಎಂಟೂವರೆ. ಹೆಚ್ಚುಕಮ್ಮಿ ನೂರು ಕಿಲೋಮೀಟರ್ ದೂರವನ್ನು ಅವ್ವ ಆಧಾರ್ ಕಾರ್ಡ್ ತೋರಿಸಿ ಬಿಟ್ಟಿಯಾಗಿ ಬಂದಿದ್ದಳು. ಬಸ್ ಸ್ಟ್ಯಾಂಡಿನಿಂದ ಮೂರು ಕಿಲೋಮೀಟರ್ ದೂರದ ಮನೆಗೆ ಆಟೋದವರು ನೂರಿಪ್ಪತ್ತು ಕೇಳಿದರು. 'ಅಷ್ಟ್ ದುಡ್ಡ್ ಯಾಕೆ, ನಡ್ಕಂಡೇ ಹೋಗಾನ ಬಾ ಮಗ' ಅಂತ ಅವ್ವ ಚೀಲ ಎತ್ತಿಕೊಂಡಳು. ಮಂಡಿನೋವಿಗೆ ಮಾತ್ರೆ ನುಂಗುವ ಜೀವ.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಹೆಣ್ಣುಮಕ್ಕಳ ಪ್ರಯಾಣಕ್ಕೆ ದೊಡ್ಡ ಬಲ ಕೊಟ್ಟಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಟಿಕೆಟ್ ಉಚಿತವಾಗಿದ್ದರೂ ಹತ್ತಲು ಬಸ್ಸು ಬೇಕಲ್ಲ. ಮಂಡ್ಯದ ಬಡಾವಣೆಗಳಲ್ಲಿ ಅದೇ ಅಪರೂಪ.

ಈ ಕೊರತೆ ಹಳೆಯದು. ಮಂಡ್ಯಕ್ಕೆ ಬಂದ ಸಾರಿಗೆಯೆಲ್ಲ ಬೇರೆ ಎರಡು ಊರುಗಳನ್ನು ಜೋಡಿಸಲು ಬಂದದ್ದು. 1882ರ ಹೊತ್ತಿಗೆ ಬೆಂಗಳೂರು–ಮೈಸೂರು ರೈಲು ಓಡಾಡತೊಡಗಿತು, ನಾವು ನಡುವಿನ ಸ್ಟೇಷನ್ ಆದೆವು. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ (ಈಗಿನ ವಿ.ಸಿ., ಅಂದರೆ ವಿಶ್ವೇಶ್ವರಯ್ಯ ನಾಲೆ) ಹರಿದು, 1933ರಲ್ಲಿ ಮೈಷುಗರ್ ಸಕ್ಕರೆ ಕಂಪನಿ ಹುಟ್ಟಿ, 1939ರಲ್ಲಿ ಮಂಡ್ಯ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಕಬ್ಬಿನ ಗಾಡಿಗಳ ಆ ಊರು ಕಾಲ್ನಡಿಗೆಯಲ್ಲೇ ಮುಗಿದುಹೋಗುವಷ್ಟು ಚಿಕ್ಕದಿತ್ತು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ಆರಂಭಿಸಿದಾಗಲೂ ಊರಿಂದೂರಿಗೆ ಜನರನ್ನು ಮುಟ್ಟಿಸುವುದೇ ದೊಡ್ಡ ಕೆಲಸ. ಊರೊಳಗಿನ ಓಡಾಟ ಆಗ ಯಾರಿಗೂ ಸಮಸ್ಯೆಯಾಗಿ ಕಂಡಿರಲಾರದು.

ಊರು ಬೆಳೆಯಿತು. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 1.37 ಲಕ್ಷ. ನಡೆದು ಮುಗಿಸಲಾಗದಷ್ಟು ದೊಡ್ಡದು, ದಿಲ್ಲಿಯ ಯೋಜನೆಗಳ ಕಣ್ಣಿಗೆ ಬೀಳದಷ್ಟು ಚಿಕ್ಕದು. ನಗರಗಳ ಸುಧಾರಣೆಗೆ ಕೇಂದ್ರ ತಂದ 2005ರ ನರ್ಮ್ ಯೋಜನೆಗೆ ರಾಜ್ಯದಿಂದ ಆಯ್ಕೆಯಾದದ್ದು ಬೆಂಗಳೂರು, ಮೈಸೂರು ಎರಡೇ. ಮೈಸೂರಿನ ಸಿಟಿ ಬಸ್ಸುಗಳಿಗೆ ಅದರಿಂದ ಹೊಸ ಜೀವ ಬಂತು. 2023ರಲ್ಲಿ ಊರುಗಳಿಗೆ ವಿದ್ಯುತ್ ಬಸ್ಸು ಕೊಡುವ ಕೇಂದ್ರದ ಪಿಎಂ ಇ-ಬಸ್ ಸೇವಾ ಯೋಜನೆ ಬಂದಾಗ ನಮ್ಮಂಥ ಊರಿಗೆ ಅಡ್ಡಬಂದದ್ದು ಕನಿಷ್ಠ ಮೂರು ಲಕ್ಷ ಜನಸಂಖ್ಯೆಯ ಷರತ್ತು. ಅದೇ ವರ್ಷ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಮಂಡ್ಯದ ಪಕ್ಕದಲ್ಲೇ ಬೈಪಾಸ್ ಹಿಡಿದು ಹೋಗುತ್ತದೆ.

ಹೊಣೆ ಯಾರದು ಅಂತ ಕೇಳಿದರೂ ಉತ್ತರ ಹರಿದು ಹಂಚಿಹೋಗಿದೆ. ಸಂವಿಧಾನದ 74ನೇ ತಿದ್ದುಪಡಿ ತಂದ ಹನ್ನೆರಡನೇ ಅನುಸೂಚಿಯಲ್ಲಿ ನಗರಾಡಳಿತದ ಕೆಲಸಗಳ ಸಾಲಿನಲ್ಲಿ ಬಸ್ ಸ್ಟಾಪ್ ಇದೆ, ಬಸ್ಸು ಇಲ್ಲ. ತಂಗುದಾಣ ಕಟ್ಟುವವರು ಒಬ್ಬರು, ಬಸ್ಸು ಬಿಡುವವರು ಇನ್ನೊಬ್ಬರು.

ಪಾರ್ಕು, ಆಟದ ಮೈದಾನಗಳು ಮಾತ್ರ ಅದೇ ಪಟ್ಟಿಯಲ್ಲಿ ನೇರವಾಗಿ ಇವೆ. ನಗರಾಭಿವೃದ್ಧಿ ಪ್ರಾಧಿಕಾರಗಳ 1987ರ ಕಾಯ್ದೆ, ಬಡಾವಣೆಯ ಶೇ 15ರಷ್ಟು ಜಾಗವನ್ನು ಇವಕ್ಕೇ ಬಿಡಬೇಕೆಂದಿತು. ನಮ್ಮ ಬಡಾವಣೆಯಲ್ಲೂ ಅಂಥ ಜಾಗವಿದೆ: ಗೇಟಿಗೆ ಬೀಗ, ಒಂಟಿ ಸರಪಳಿಯಲ್ಲಿ ನೇತಾಡುವ ಜೋಕಾಲಿ, ಮಂಡಿಯೆತ್ತರ ಪಾರ್ಥೇನಿಯಂ. ಮಕ್ಕಳು ಕಾಂಪೌಂಡ್ ಹಾರಿ ಕ್ರಿಕೆಟ್ ಆಡುತ್ತಾರೆ. ಹೆಣ್ಣುಮಕ್ಕಳು ಹಾರುವ ಹಾಗಿಲ್ಲವಲ್ಲ. ಸಂಜೆ ವಾಕಿಂಗಿಗೆ ನಾಲೆ ಏರಿ ಹಿಡಿಯುತ್ತಾರೆ. ನಮ್ಮ ಜಿಲ್ಲೆಯವರಿಗೆ ನಾಲೆಯ ಭಯವನ್ನು ಬಿಡಿಸಿ ಹೇಳಬೇಕಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ತೀರಿಕೊಂಡರು, ಅವರಲ್ಲಿ ಶಾಲೆ ಮಕ್ಕಳೂ ಇದ್ದರು.

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ಬೆಳಗಾಗೆದ್ದು ನಡೆಯುವವರನ್ನು ನೋಡಿದಾಗ ಹೊಟ್ಟೆಕಿಚ್ಚಲ್ಲ, ಸಂಕಟವಾಗುತ್ತದೆ. ಅಲ್ಲಿ 1903ರಲ್ಲೇ ನಗರ ಸುಧಾರಣೆಗೆಂದು ಟ್ರಸ್ಟ್ ಬೋರ್ಡ್ ಇತ್ತು. ನಮ್ಮ ಜಿಲ್ಲೆಯಲ್ಲೂ ಬೃಂದಾವನವಿದೆ, ರಂಗನತಿಟ್ಟಿದೆ. ಆದರೆ ಅವು ವರ್ಷಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ಹೋಗುವ ಜಾಗಗಳು. ಅವ್ವನಿಗೆ ಬೇಕಿರುವುದು ಮನೆಯಿಂದ ಹತ್ತು ನಿಮಿಷದಲ್ಲಿ ಹೋಗಿ ಕೂರಬಹುದಾದ ಒಂದು ಬೆಂಚು.

ಬಸ್ಸಿಗಂತೂ ದೊಡ್ಡ ಯೋಜನೆಯೇ ಬರಬೇಕೆಂದಿಲ್ಲ. ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡ್, ಮಿಮ್ಸ್ ಆಸ್ಪತ್ರೆ, ಗುತ್ತಲು, ಹೊಸಹಳ್ಳಿ ಇವನ್ನು ಸುತ್ತುವ ನಾಲ್ಕು ಮಿನಿ ಬಸ್ಸುಗಳು ರಾತ್ರಿ ಒಂಬತ್ತೂವರೆವರೆಗೆ ಓಡಿದರೂ ಸಾಕು ಅನ್ನಿಸುತ್ತದೆ ನನಗೆ. ಅವತ್ತು ಅವ್ವ ದಾರಿಯಲ್ಲಿ ಮೂರು ಕಡೆ ಕೂತು ಸುಧಾರಿಸಿಕೊಂಡಳು, ಮೂರೂ ಸಲ ಮುಚ್ಚಿದ ಅಂಗಡಿಗಳ ಜಗಲಿಯ ಮೇಲೆ.